ಮುಂದೆ ಓಡಿದವನಿಗೆ

ನಮ್ಮ ಗೆಳೆಯ ತೀರಿಹೋಗಿ ತಿಂಗಳಾಯಿತು. ಏನಾಯಿತು, ಹೇಗಾಯಿತು ಅನ್ನುವುದು ನಿಮಗೆಲ್ಲ ಗೊತ್ತೇ ಇದೆ, ಮತ್ತೆ ಬರೆಯುವುದಿಲ್ಲ. ರಕ್ತ ಕೊಟ್ಟವರು, ದುಡ್ಡು ಹೊಂದಿಸಿದವರು, ಮಕ್ಕಳನ್ನು ಸ್ಕೂಲಿಗೆ ಬಿಟ್ಟು ಬಂದವರು, ಎಲ್ಲರಿಗೂ ಮನೆಯವರ ಪರವಾಗಿ ಥ್ಯಾಂಕ್ಸ್.

ಕಾಲೇಜಿನಲ್ಲಿ ಅವನದು 1500 ಮೀಟರ್ ಓಟ. ಟ್ರ್ಯಾಕಿನಲ್ಲಿ ಮೂರು ಮುಕ್ಕಾಲು ಸುತ್ತು. ಮೂರನೇ ಸುತ್ತೇ ಕಷ್ಟ ಅನ್ನುತ್ತಿದ್ದ. ಶುರುವಿನ ಹುಮ್ಮಸ್ಸು ಇಳಿದಿರುತ್ತದೆ, ಕೊನೇ ಸುತ್ತಿನ ಗಂಟೆ ಇನ್ನೂ ಹೊಡೆದಿರುವುದಿಲ್ಲ. ಆಮೇಲೆ ಸೇತುವೆ ಕಟ್ಟುವ ಎಂಜಿನಿಯರ್ ಆದ. ಕಾರಿನಲ್ಲಿ ಹೋಗುವಾಗ ಸೇತುವೆ ಬಂದರೆ ಮಾತು ನಿಲ್ಲಿಸಿ, ಚಕ್ರ ಜಾಯಿಂಟ್ ದಾಟುವ ಟಕ್ ಟಕ್ ಕೇಳಿಸಿಕೊಳ್ಳುತ್ತಿದ್ದ. ಬಿಸಿಲಿಗೆ ಸೇತುವೆ ಹಿಗ್ಗುತ್ತದೆ, ಅದಕ್ಕೇ ಆ ಸಂದು ಬಿಡುವುದು ಅಂತ ನನಗೇ ಹತ್ತು ಸಲ ಹೇಳಿರಬೇಕು.

1954ರಲ್ಲಿ ರೋಜರ್ ಬ್ಯಾನಿಸ್ಟರ್ ನಾಲ್ಕು ನಿಮಿಷದೊಳಗೆ ಒಂದು ಮೈಲಿ ಓಡಿದ ಮಾತು ಬಂದರೆ ಸಾಕು, ಜಗಳ ತೆಗೆಯುತ್ತಿದ್ದ. "ಬ್ರಾಷರ್, ಚಾಟವೇ ಹೆಸರೂ ಹೇಳ್ರೋ!" ಅವತ್ತು ಮುಂದೆ ಓಡಿ ವೇಗ ಕಾಯ್ದುಕೊಟ್ಟವರು ಅವರಿಬ್ಬರು.

ಅದಕ್ಕೇ ಒಬ್ಬನ ಬಗ್ಗೆ ಜಾಸ್ತಿ ಬರೆಯಬೇಕು. ಹೆಸರು ಹಾಕಿದರೆ ಮಾತು ಬಿಡುತ್ತೇನೆ ಅಂದಿದ್ದಾನೆ. ಪ್ರಾಕ್ಟೀಸಿನಲ್ಲಿ ಮೊದಲ ಎರಡು ಸುತ್ತು ಮುಂದೆ ಓಡಿಕೊಟ್ಟು, ಆಮೇಲೆ ಹುಲ್ಲಿನ ಮೇಲೆ ಅಂಗಾತ ಬೀಳುತ್ತಿದ್ದನಲ್ಲ, ಆ ಪುಣ್ಯಾತ್ಮ. ಒಂದು ಮೆಡಲ್ಲೂ ಕಂಡವನಲ್ಲ.

ಆ ಕೊನೆಯ ರಾತ್ರಿ ಇರಬೇಕಾಗಿದ್ದದ್ದು ನಾನು. ಸುಮ್ನೆ ಒಂದು ಗಂಟೆ ಮಲಗಿ ಬರುತ್ತೇನೆ ಅಂತ ಮನೆಗೆ ಹೋದೆ. ಫೋನ್ ಸೈಲೆಂಟಿನಲ್ಲಿತ್ತು. ಎದ್ದಾಗ ಬೆಳಕು ಹರಿದಿತ್ತು. ಹದಿನಾಲ್ಕು ಮಿಸ್ಡ್ ಕಾಲ್.

ಈ ಪುಣ್ಯಾತ್ಮ ಹಿಂದಿನ ದಿನದಿಂದ ಮನೆಗೇ ಹೋಗಿರಲಿಲ್ಲ. ರಾತ್ರಿಯಿಡೀ ಸ್ಟೂಲಿನ ಮೇಲೆ ಕೂತು, ತಣ್ಣಗಾಗುತ್ತಿದ್ದ ಆ ಪಾದಗಳನ್ನು ಉಜ್ಜುತ್ತಿದ್ದನಂತೆ. ಉಸಿರು ಏರಿದಾಗಲೆಲ್ಲ ಟ್ರ್ಯಾಕಿನ ಹಳೇ ಮಾತೇ: "ಮೆತ್ತಗೆ, ಮೆತ್ತಗೆ. ನಾನು ಮುಂದೆ ಇದ್ದೀನಿ." ಇದನ್ನು ಹೇಳಿದ್ದು ನರ್ಸ್, ಅವನಲ್ಲ. ಅವನು ನನ್ನನ್ನು ಕೇಳಿದ್ದು ಒಂದೇ ಮಾತು, "ಸ್ವಲ್ಪ ನಿದ್ದೆ ಬಂತಾ?" ಬೈದುಬಿಟ್ಟಿದ್ದರೆ ಚೆನ್ನಾಗಿತ್ತು ಕಣೋ.

ಇರಲಿ. ಇನ್ನೊಂದು ವಿಷಯ. ಹೋದವನ ಓಟದ ಸ್ಪೈಕ್ಸ್ ಶೂ ಹಾಗೇ ಇದೆ, ಒಂಬತ್ತನೇ ಸೈಜು. ಓಡುವ ಹುಡುಗರು ಯಾರಾದರೂ ಇದ್ದರೆ ಕೊಡಿ ಅಂದಿದ್ದಾರೆ ಅವನ ಹೆಂಡತಿ. ಗೊತ್ತಿದ್ದರೆ ನನಗೆ ತಿಳಿಸಿ. ಎಡಗಾಲಿನದಕ್ಕೆ ಮಾತ್ರ ಹೊಸ ಲೇಸ್ ಹಾಕಿಸಬೇಕು.