ರೀಡಿಂಗ್ ಹಾಕುವಾಗ ಯೂನಿಟ್ ಕೂಡ ಹಾಕಿ

ಎಲ್ಲರಿಗೂ ನಮಸ್ಕಾರ. ಸರ್ವೆ ಮೀಟರ್ (ವಿಕಿರಣ ಅಳೆಯುವ ಉಪಕರಣ) ರೀಡಿಂಗ್ ಹಾಕುವವರು ಸುಮ್ನೆ "2 ಬಂತು" ಅಂತ ಬರೆಯಬೇಡಿ. ಯಾವ ಯೂನಿಟ್, ಗಂಟೆಗೋ ನಿಮಿಷಕ್ಕೋ ಅನ್ನುವುದೂ ಇರಲಿ.

ಗ್ರೇ, ರ‍್ಯಾಡ್ ಎರಡೂ ವಸ್ತು ಹೀರಿಕೊಂಡ ವಿಕಿರಣದ ಯೂನಿಟ್‌ಗಳು. 1 ಗ್ರೇ ಅಂದರೆ 100 ರ‍್ಯಾಡ್. ಹಾಗಾಗಿ ಗಂಟೆಗೆ 1 ಮಿಲಿರ‍್ಯಾಡ್ ಎಂದರೆ ಗಂಟೆಗೆ 10 ಮೈಕ್ರೋಗ್ರೇ. ಇದೊಂದು ನೆನಪಿದ್ದರೆ ಉಳಿದದ್ದು ಬರೀ ಗುಣಾಕಾರ. ಜಾಸ್ತಿ ಎಡವುವುದು ಮಿಲಿ, ಮೈಕ್ರೋ ನಡುವೆ. ಅಲ್ಲಿ ತಪ್ಪಿದರೆ ಲೆಕ್ಕ ಸಾವಿರ ಪಟ್ಟು ಆಚೀಚೆ ಆಗುತ್ತದೆ, ಇದು ಸಣ್ಣ ವಿಷಯ ಅಲ್ಲ.

ಹಳೆ ಮೀಟರ್‌ನ ಮಿಲಿರಾಂಟ್ಜನ್ ಬೇರೆಯೇ. ಅದು ಎಕ್ಸ್‌ಪೋಶರ್ ಅಳತೆ, ಅಂದರೆ ವಿಕಿರಣ ಗಾಳಿಯಲ್ಲಿ ಎಷ್ಟು ವಿದ್ಯುದಾವೇಶ ಉಂಟುಮಾಡುತ್ತದೆ ಅನ್ನುವುದು. ಗಂಟೆಗೆ 1 ಮಿಲಿರಾಂಟ್ಜನ್ ಇದ್ದರೆ ಗಾಳಿಯಲ್ಲಿ ಗಂಟೆಗೆ ಸುಮಾರು 8.8 ಮೈಕ್ರೋಗ್ರೇ.

ರೇಡಿಯೋಥೆರಪಿಯವರಿಗೆ: ನಿಮಿಷಕ್ಕೆ 600 ಸೆಂಟಿಗ್ರೇ ಅಂದರೆ ಸೆಕೆಂಡಿಗೆ 0.1 ಗ್ರೇ.

ವರ್ಷಕ್ಕೆ ತಿರುಗಿಸುವಾಗ 8,760ರಿಂದ (ವರ್ಷದ ಒಟ್ಟು ಗಂಟೆಗಳು) ಗುಣಿಸುವುದು ಹಗಲೂ ರಾತ್ರಿ ಇರುವ ಹಿನ್ನೆಲೆ ವಿಕಿರಣಕ್ಕೆ ಮಾತ್ರ. ಗಂಟೆಗೆ 0.1 ಮೈಕ್ರೋಗ್ರೇ ಇದ್ದರೆ ವರ್ಷಕ್ಕೆ ಸುಮಾರು 0.88 ಮಿಲಿಗ್ರೇ. ಕೆಲಸದ ಜಾಗಕ್ಕಾದರೆ ನೀವು ಅಲ್ಲಿ ನಿಜವಾಗಿ ಇರುವ ಗಂಟೆಗಳನ್ನೇ ಹಿಡಿಯಿರಿ.

ಸಂಶಯ ಬಂದರೆ ಮೀಟರ್ ಫೋಟೋ ಹಾಕಿ. ರೇಂಜ್ ಸ್ವಿಚ್ (ಅಳತೆಯ ಮಿತಿ ಆರಿಸುವ ಸ್ವಿಚ್) ಎಲ್ಲಿದೆ ಅಂತ ಕಾಣುವ ಹಾಗೆ ತೆಗೆಯಿರಿ, ಎಲ್ಲರೂ ಸೇರಿ ಲೆಕ್ಕ ಮಾಡೋಣ.