ಹಳೆಯ ಬ್ಯಾಂಕ್ ಖಾತೆ ಮುಚ್ಚುವ ಮೊದಲು: ಸದಸ್ಯರ ಗಮನಕ್ಕೆ

ಆತ್ಮೀಯ ಸದಸ್ಯರೇ,

ಬೇರೆ ಬ್ಯಾಂಕಿನಲ್ಲಿ ಖಾತೆ ತೆರೆದ ಹಲವರು ಹಳೆಯದನ್ನು ಕೂಡಲೇ ಮುಚ್ಚಬಹುದೇ ಎಂದು ವಿಚಾರಿಸುತ್ತಿರುವುದರಿಂದ ಈ ಸೂಚನೆ. ದಯವಿಟ್ಟು ಅವಸರ ಮಾಡಬೇಡಿ. ಸಾಲದ ಕಂತು, ವಿಮೆಯ ಪ್ರೀಮಿಯಂ, ಮ್ಯೂಚುವಲ್ ಫಂಡಿನ ಎಸ್‌ಐಪಿ (ನಿಗದಿತ ದಿನಕ್ಕೆ ಕಡಿತವಾಗುವ ಹೂಡಿಕೆಯ ಕಂತು) ಮುಂತಾದವುಗಳಿಗೆ ನೀವು ಬರೆದುಕೊಟ್ಟಿರುವ ಆಟೋ ಡೆಬಿಟ್ (ಖಾತೆಯಿಂದ ತಾನಾಗಿ ಹಣ ಕಡಿತ) ಒಪ್ಪಿಗೆ ಹೊಸ ಖಾತೆಗೆ ತಾನಾಗಿ ವರ್ಗವಾಗುವುದಿಲ್ಲ. ಆಯಾ ಸಂಸ್ಥೆಯಲ್ಲಿ ಹೊಸದಾಗಿ ನೋಂದಾಯಿಸಿ, ಒಂದು ಕಂತಾದರೂ ಹೊಸ ಖಾತೆಯಿಂದ ಕಡಿತವಾಗುವವರೆಗೆ ಹಳೆಯದರಲ್ಲಿ ಸಾಕಷ್ಟು ಹಣ ಉಳಿಸಿಕೊಳ್ಳಬೇಕು. ಖಾತೆಯಲ್ಲಿ ಹಣವಿಲ್ಲದೆ ಕಂತು ವಾಪಸಾದರೆ ಬ್ಯಾಂಕಿನವರೂ ಸಾಲ ಕೊಟ್ಟವರೂ ಶುಲ್ಕ ಹಾಕಬಹುದು, ಸಾಲ ಮರುಪಾವತಿಯ ಶಿಸ್ತನ್ನು ತೋರಿಸುವ ಸಿಬಿಲ್ ಅಂಕಕ್ಕೂ ಪೆಟ್ಟು ಬೀಳಬಹುದು.

ಕಡಿತಗಳನ್ನು ನೆನಪಿನಿಂದ ಪಟ್ಟಿ ಮಾಡಿದರೆ ಸಾಲದು, 12 ತಿಂಗಳ ಸ್ಟೇಟ್‌ಮೆಂಟ್ ತೆಗೆದು ನೋಡಿ. ಪ್ರಧಾನಮಂತ್ರಿ ಜೀವನಜ್ಯೋತಿ ವಿಮೆಯ 436 ರೂಪಾಯಿ, ಸುರಕ್ಷಾ ವಿಮೆಯ 20 ರೂಪಾಯಿ ವರ್ಷಕ್ಕೊಮ್ಮೆ ಮಾತ್ರ, ಸಾಮಾನ್ಯವಾಗಿ ಮೇ ತಿಂಗಳಲ್ಲಿ ಹೋಗುವುದರಿಂದ ಸುಲಭವಾಗಿ ಕಣ್ತಪ್ಪುತ್ತವೆ.

ಬರುವ ಹಣದ ವಿಷಯ ಇನ್ನೂ ಸೂಕ್ಷ್ಮ. ಗೃಹಲಕ್ಷ್ಮಿಯ 2,000 ರೂಪಾಯಿಯಂಥ ನೇರ ವರ್ಗಾವಣೆ, ಎನ್‌ಪಿಸಿಐ (ರಾಷ್ಟ್ರೀಯ ಪಾವತಿ ನಿಗಮ) ದಾಖಲೆಯಲ್ಲಿ ನಿಮ್ಮ ಆಧಾರ್ ಯಾವ ಬ್ಯಾಂಕಿಗೆ ಜೋಡಣೆಯಾಗಿದೆಯೋ ಅಲ್ಲಿಗೇ ಹೋಗುತ್ತದೆ. ಒಂದು ಸಮಯಕ್ಕೆ ಒಂದೇ ಬ್ಯಾಂಕ್. ಕೆವೈಸಿಗೆಂದು, ಅಂದರೆ ಗುರುತಿನ ಪರಿಶೀಲನೆಗೆಂದು, ಆಧಾರ್ ಪ್ರತಿ ಕೊಟ್ಟ ಮಾತ್ರಕ್ಕೆ ಈ ಜೋಡಣೆ ಬದಲಾಗುವುದಿಲ್ಲ (ಬಹಳ ಜನ ಎಡವುವುದು ಇಲ್ಲೇ), ಹೊಸ ಶಾಖೆಯಲ್ಲಿ ಪ್ರತ್ಯೇಕ ಒಪ್ಪಿಗೆ ಪತ್ರ ಕೊಡಬೇಕು. ಪಿಎಫ್ ಮತ್ತು ಆದಾಯ ತೆರಿಗೆ ಮರುಪಾವತಿಗೆ ಅವರವರ ಪೋರ್ಟಲ್‌ನಲ್ಲಿ ಹೊಸ ಖಾತೆ ಸೇರಿಸಿ ದೃಢೀಕರಿಸಿಕೊಳ್ಳಬೇಕು.

ಸಂದೇಹಗಳನ್ನು ಇಲ್ಲಿಯೇ ಕೇಳಬಹುದು. ಆದರೆ ಖಾತೆ ಸಂಖ್ಯೆ, ಚೆಕ್ಕಿನ ಚಿತ್ರ, ಒಟಿಪಿಗಳನ್ನು ಯಾರೂ ಗುಂಪಿನಲ್ಲಿ ಹಾಕಬಾರದಾಗಿ ವಿನಂತಿ.