ಕೇಸ್ ದಾಖಲಾದ ಮೇಲೆ ಮಗುವಿನ ಗತಿ?

ಸಂಪಾದಕರೇ,

ಮಗುವಿನ ಮೇಲೆ ದೌರ್ಜನ್ಯ ಆಯ್ತು ಅಂದರೆ ಎಲ್ಲರೂ ಕೇಳುವುದು ಆರೋಪಿ ಸಿಕ್ಕಿದನಾ ಅಂತ. ಮಗು ರಾತ್ರಿ ನಿದ್ದೆ ಮಾಡುತ್ತಾ ಅಂತ ಕೇಳುವವರು ಕಡಿಮೆ. 2020ರ ಪೋಕ್ಸೊ (ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯ ತಡೆ ಕಾಯ್ದೆ) ನಿಯಮಗಳಲ್ಲಿ, ತನಿಖೆಯಿಂದ ಹಿಡಿದು ಕೋರ್ಟ್ ಮುಗಿಯುವವರೆಗೂ ಮಗುವಿನ ಜೊತೆಗಿರಲು ಒಬ್ಬ ಬೆಂಬಲ ವ್ಯಕ್ತಿಯನ್ನು ಮಕ್ಕಳ ಕಲ್ಯಾಣ ಸಮಿತಿ ಒದಗಿಸಬಹುದು ಎಂದಿದೆ. ಎಷ್ಟು ಪಾಲಕರಿಗೆ ಇದು ಗೊತ್ತು?

ಮನೆಯಲ್ಲೇ ಹೊಡೆದಾಟ ನೋಡುವ ಮಕ್ಕಳದ್ದಂತೂ ಕೇಸೂ ಆಗುವುದಿಲ್ಲ. ಏಳೆಂಟು ವರ್ಷದ ಹುಡುಗ ಮತ್ತೆ ಹಾಸಿಗೆ ಒದ್ದೆ ಮಾಡಿಕೊಳ್ಳುತ್ತಾನೆ, ಬಾಗಿಲು ದಡ್ ಅಂದರೆ ಬೆಂಚಿನ ಕೆಳಗೆ ನುಗ್ಗುತ್ತಾನೆ. ನಾವು ಸುಮ್ನೆ ಹಟಮಾರಿ ಅಂತ ಬೈಯುತ್ತೇವೆ. ಹೆದರಿಕೆಗೆ ಹಾಗಾಗುತ್ತದೆ, ಬೈದರೆ ಇನ್ನೂ ಜಾಸ್ತಿ. ಬಂದವರೆಲ್ಲ 'ಏನಾಯ್ತು ಹೇಳು' ಅಂತ ಕೆದಕುವುದೂ ಅಷ್ಟೇ ಕೆಟ್ಟದ್ದು. ಆಟ, ಚಿತ್ರ, ಹೊತ್ತಿಗೆ ಸರಿಯಾಗಿ ಊಟ, ನಂಬಿಕೆಯ ಒಬ್ಬರು ಪಕ್ಕದಲ್ಲಿ, ಮೊದಲು ಇಷ್ಟು ಬೇಕು.

ಶಿರಸಿ ಕಡೆಯ ಹಳ್ಳಿಯವರು ಕೂಲಿ ಬಿಟ್ಟು, ಮಳೆಗಾಲದಲ್ಲಿ ದೇವಿಮನೆ ಘಟ್ಟ ಇಳಿದು, ಕುಮಟಾ ದಾಟಿ ಜಿಲ್ಲಾ ಕೇಂದ್ರ ಕಾರವಾರಕ್ಕೆ ಸಮಾಲೋಚನೆಗೆಂದು ಪದೇ ಪದೇ ಮಗುವನ್ನು ಕರೆದುಕೊಂಡು ಹೋಗುವುದು ಆಗುವ ಮಾತಾ? ಮಕ್ಕಳ ಆಪ್ತ ಸಮಾಲೋಚಕರೇ ವಾರಕ್ಕೊಂದು ದಿನ ಪ್ರತಿ ತಾಲೂಕು ಆಸ್ಪತ್ರೆಗೆ ಬರಲಿ. ಶಾಲೆಗಳು ಮಕ್ಕಳ ಸಹಾಯವಾಣಿ 1098 ನಂಬರನ್ನು ಹೆಡ್‌ಮಾಸ್ಟರ್ ಕೋಣೆಯಲ್ಲಿ ಅಂಟಿಸುವ ಬದಲು ಮಕ್ಕಳು ನೀರು ಕುಡಿಯುವ ಜಾಗದಲ್ಲಿ ಬರೆಸಲಿ.

– ಓದುಗ, ಶಿರಸಿ